ಫಿಸಿಕ್ಸ್ ಮೇಷ್ಟ್ರಾಗಬೇಕು, ಸಂಶೋಧನೆಯನ್ನೂ ಮಾಡಬೇಕು: ದಾರಿ ಯಾವುದು, ಎಷ್ಟು ವರ್ಷ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿಎಸ್ಸಿ ಕೊನೆಯ ವರ್ಷ ಓದುತ್ತಿದ್ದೇನೆ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮ. ಯೂನಿವರ್ಸಿಟಿಯಲ್ಲಿ ಫಿಸಿಕ್ಸ್ ಪಾಠ ಮಾಡಬೇಕು, ಸಂಶೋಧನೆಯನ್ನೂ ಮಾಡಬೇಕು ಅಂತ ಆಸೆ. ಮನೆಯಲ್ಲಿ 'ಬಿ.ಇಡಿ ಮಾಡು, ಬೇಗ ಕೆಲಸ ಸಿಗುತ್ತೆ' ಅನ್ನುತ್ತಾರೆ. ಈ ದಾರಿಗೆ ಎಷ್ಟು ವರ್ಷ ಬೇಕು? ಅಲ್ಲಿಯವರೆಗೆ ದುಡ್ಡಿಗೆ ಏನು ಮಾಡುವುದು? ನೆಟ್, ಕೆ-ಸೆಟ್, ಪಿಎಚ್‌ಡಿ ಇವುಗಳಲ್ಲಿ ಯಾವುದು ಮುಖ್ಯ? ನಮ್ಮ ರಾಜ್ಯದ ಯೂನಿವರ್ಸಿಟಿಗಳಲ್ಲಿ ನಿಜವಾಗಿ ಸಂಶೋಧನೆ ಮಾಡಲು ಆಗುತ್ತದಾ, ಇಲ್ಲ ಸುಮ್ನೆ ಪಾಠ ಮಾಡಿ ಮನೆಗೆ ಹೋಗುವುದಷ್ಟೇನಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದವಕ್ಕೆಲ್ಲ ನಿಯಮಗಳಲ್ಲಿ ಉತ್ತರ ಸಿಗುತ್ತದೆ. ಇದಕ್ಕೆ ಸಿಗುವುದಿಲ್ಲ.

ಸಂಶೋಧನೆ ಆಗುತ್ತದೆ. ಆದರೆ ನೀವು ನಿಂತ ಜಾಗದಲ್ಲಿ, ಕೈಗೆ ಸಿಗುವ ಸಲಕರಣೆಯಲ್ಲಿ ಉತ್ತರ ಹುಡುಕಬಹುದಾದ ಪ್ರಶ್ನೆಯನ್ನು ಆರಿಸಿಕೊಳ್ಳಬೇಕು. ಮೂವತ್ತು ವರ್ಷ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಪಾಠ ಮಾಡಿ, ಒಂದಿಷ್ಟು ಮಕ್ಕಳಿಗೆ ಪಿಎಚ್‌ಡಿ ಮಾಡಿಸಿ ನಿವೃತ್ತನಾದವನು ನಾನು. ಈ ಮಾತು ನನಗೆ ಅರ್ಥವಾಗಲು ಮೂರು ವರ್ಷ ಹಿಡಿಯಿತು. ನಿಮಗೆ ಅಷ್ಟು ವರ್ಷ ಹಾಳಾಗಬಾರದು ಅಂತಲೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಪಿಎಚ್‌ಡಿ ಮಾಡಿದ್ದು ಒಂದು ದೊಡ್ಡ ಸಂಸ್ಥೆಯಲ್ಲಿ. ಅಲ್ಲಿ ದ್ರವ ಹೀಲಿಯಂ ಬೇಕೆಂದರೆ ಒಂದು ಚೀಟಿ ಬರೆದುಕೊಟ್ಟರೆ ಸಾಕಿತ್ತು. ಸೊನ್ನೆಗಿಂತ 269 ಡಿಗ್ರಿ ಕೆಳಗಿನ ತಣ್ಪಿನಲ್ಲಿ ಅಳತೆ ಮಾಡುವುದೇ ನನ್ನ ಕೆಲಸ. ಅದೇ ಪ್ರಶ್ನೆಯನ್ನು ಜೋಳಿಗೆಯಲ್ಲಿ ಹಾಕಿಕೊಂಡು ವಿಶ್ವವಿದ್ಯಾಲಯಕ್ಕೆ ಬಂದೆ. ಅಲ್ಲಿ ಹೀಲಿಯಂ ಹಾಗಿರಲಿ, ದ್ರವ ಸಾರಜನಕ ತರಲು ಬೇರೆ ಊರಿಗೆ ಜೀಪು ಕಳಿಸಬೇಕಿತ್ತು. ಮೂರು ವರ್ಷ ಬರೀ ಅರ್ಜಿ ಬರೆದೆ. ಆ ಯಂತ್ರ ಕೊಡಿ, ಈ ಯಂತ್ರ ಕೊಡಿ ಅಂತ. ಒಂದೂ ಬರಲಿಲ್ಲ. ಒಂದೂ ಪೇಪರ್ ಬರೆಯಲಿಲ್ಲ. ಒಂದು ಸಂಜೆ ವಿಭಾಗದ ಹಿರಿಯರೊಬ್ಬರು ನನ್ನನ್ನು ಕೂರಿಸಿಕೊಂಡು ಕೇಳಿದರು: "ಇಲ್ಲದ್ದರ ಪಟ್ಟಿ ಬಿಡಪ್ಪ. ನಿನ್ನ ಹತ್ತಿರ ಇರೋದು ಏನು, ಅದನ್ನು ಹೇಳು."

ಇದ್ದದ್ದು ಒಂದು ಫರ್ನೇಸ್, ಒಂದು ಹೈಡ್ರಾಲಿಕ್ ಪ್ರೆಸ್, ಒಂದು ಎಲ್‌ಸಿಆರ್ ಮೀಟರ್. ಅಷ್ಟರಲ್ಲೇ ಸೆರಾಮಿಕ್ ವಸ್ತುಗಳ ವಿದ್ಯುತ್ ಗುಣಗಳನ್ನು ಅಳೆಯಬಹುದು. ಅಲ್ಲಿಂದ ಶುರುವಾದ ಕೆಲಸ ನಿವೃತ್ತಿಯಾಗುವವರೆಗೂ ನಿಲ್ಲಲಿಲ್ಲ.

ಆ ಕೆಲಸ ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಸಂಶೋಧನೆ ಅಂದರೆ ಬಿಎಸ್ಸಿ ಮಕ್ಕಳ ಮನಸ್ಸಿಗೆ ಕಪ್ಪು ಹಲಗೆ ತುಂಬಾ ಸಮೀಕರಣ ಬರುತ್ತದೆ. ನಮ್ಮ ಕಡೆ ಅದು ಒರಳಿನಿಂದ ಶುರುವಾಗುತ್ತದೆ. ಅಗೇಟ್ ಕಲ್ಲಿನ ಅಂಗೈಯಗಲದ ಒರಳು. ಎರಡು ಮೂರು ಬಗೆಯ ಆಕ್ಸೈಡ್ ಪುಡಿಗಳನ್ನು ಮಿಲಿಗ್ರಾಂ ಲೆಕ್ಕದಲ್ಲಿ ತೂಗಿ, ಅದರಲ್ಲಿ ಹಾಕಿ ಅರೆಯಬೇಕು. ಒಂದೆರಡು ಗಂಟೆಯಲ್ಲ, ಕೆಲವು ಸಲ ಇಡೀ ಮಧ್ಯಾಹ್ನ. ಚೆನ್ನಾಗಿ ಅರೆದ ಪುಡಿ ಬೆರಳಿನ ನಡುವೆ ಟಾಲ್ಕಂ ಪೌಡರ್ ಹಾಗೆ ಜಾರುತ್ತದೆ. ಅದನ್ನು ಅಚ್ಚಿನಲ್ಲಿ ಹಾಕಿ ಒತ್ತಿದರೆ ಅಂಗಿ ಗುಂಡಿಯಷ್ಟು ದೊಡ್ಡ ಬಿಲ್ಲೆ ಬರುತ್ತದೆ. ಅದನ್ನು ಫರ್ನೇಸಿನಲ್ಲಿಟ್ಟು ಸಾವಿರ ಡಿಗ್ರಿಗೂ ಮೇಲೆ ರಾತ್ರಿಯಿಡೀ ಸುಡಬೇಕು. ನಡುರಾತ್ರಿ ಕರೆಂಟ್ ಹೋದರೆ ಮೊದಲಿಂದ ಶುರು. ಬೆಳಿಗ್ಗೆ ಬಾಗಿಲು ತೆಗೆದಾಗ ಬಿಲ್ಲೆ ಬಿರುಕು ಬಿಟ್ಟಿರಬಹುದು. ಬಿರುಕಿಲ್ಲದೆ, ಬೆರಳಿನಿಂದ ತಟ್ಟಿದರೆ ಪಿಂಗಾಣಿ ಬಟ್ಟಲಿನ ಹಾಗೆ ಟಿಣ್ ಅಂದರೆ, ಆ ದಿನ ಸಿಗುವ ಖುಷಿ ಎಷ್ಟು ವರ್ಷವಾದರೂ ಹಳೆಯದಾಗುವುದಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು ಹನ್ನೊಂದನೇ ಸಲಕ್ಕೆ ಬಿರುಕಿಲ್ಲದ ಬಿಲ್ಲೆ ಮಾಡಿದಳು. ಹತ್ತು ಸಲ ಕೆಟ್ಟದ್ದು ಯಾಕೆ ಅಂತ ಅವಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಟಿಪ್ಪಣಿಯೇ ಕೊನೆಗೆ ಅವಳ ಪ್ರಬಂಧದ ಒಂದು ಅಧ್ಯಾಯವಾಯಿತು.

ಇದು ನನ್ನೊಬ್ಬನ ಅನುಭವ ಅಂದುಕೊಳ್ಳಬೇಡಿ. ನಮ್ಮ ರಾಜ್ಯದಲ್ಲೇ ಇದಕ್ಕಿಂತ ಎಷ್ಟೋ ದೊಡ್ಡ ಉದಾಹರಣೆ ಇದೆ. ಶಿವರಾಮಕೃಷ್ಣ ಚಂದ್ರಶೇಖರ್ ಅಂತ ಒಬ್ಬರಿದ್ದರು. ನಕ್ಷತ್ರಗಳ ಮೇಲೆ ಕೆಲಸ ಮಾಡಿ ನೊಬೆಲ್ ಪಡೆದ ಚಂದ್ರಶೇಖರ್ ಬೇರೆ, ಇವರು ಬೇರೆ. ಇವರು ಕೇಂಬ್ರಿಜ್‌ನಲ್ಲಿ ಓದಿ ಬಂದು 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಅದು ಆಗ ಕಣ್ಣು ಬಿಡುತ್ತಿದ್ದ ವಿಭಾಗ. ಅಲ್ಲಿ ಅವರು ಹಿಡಿದ ವಿಷಯ ದ್ರವ ಹರಳು, ಅಂದರೆ ಲಿಕ್ವಿಡ್ ಕ್ರಿಸ್ಟಲ್. ಇವತ್ತು ಟೀವಿ, ಕ್ಯಾಲ್ಕುಲೇಟರ್ ಪರದೆಗಳಲ್ಲಿ ಅದು ಎಲ್ಲರಿಗೂ ಗೊತ್ತು. ಆಗ ಅದರ ಕಡೆ ತಿರುಗಿ ನೋಡುವವರು ಕಡಿಮೆ. ಆದರೆ ಆ ಕೆಲಸಕ್ಕೆ ದೈತ್ಯ ಯಂತ್ರ ಬೇಕಿರಲಿಲ್ಲ. ಒಳ್ಳೆಯ ಪೋಲರೈಸಿಂಗ್ ಮೈಕ್ರೋಸ್ಕೋಪ್, ಮಾದರಿಯನ್ನು ನಿಧಾನವಾಗಿ ಬಿಸಿ ಮಾಡುವ ವ್ಯವಸ್ಥೆ, ತಾಳ್ಮೆ ಇದ್ದರೆ ಶುರು ಮಾಡಬಹುದಿತ್ತು. ಹತ್ತು ವರ್ಷ ಮೈಸೂರಿನಲ್ಲಿ ಆ ಕೆಲಸ ಬೆಳೆಸಿ 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. 1977ರಲ್ಲಿ ಸದಾಶಿವ ಮತ್ತು ಸುರೇಶ್ ಅವರ ಜೊತೆ ಸೇರಿ, ತಟ್ಟೆಯಾಕಾರದ ಅಣುಗಳೂ ದ್ರವ ಹರಳಾಗುತ್ತವೆ ಅಂತ ತೋರಿಸಿದರು. ಅಲ್ಲಿಯವರೆಗೆ ಕಡ್ಡಿಯಾಕಾರದ ಅಣುಗಳು ಮಾತ್ರ ಹಾಗೆ ಆಗುತ್ತವೆ ಅನ್ನುವ ತಿಳಿವಳಿಕೆ ಇತ್ತು. ತಟ್ಟೆಗಳು ಒಂದರ ಮೇಲೊಂದು ಪೇರಿಸಿಟ್ಟ ನಾಣ್ಯಗಳ ಹಾಗೆ ಕಂಬ ಕಟ್ಟುತ್ತವೆ. ಇದನ್ನು ಪ್ರಕಟಿಸಿದ್ದೂ ಬೆಂಗಳೂರಿನಿಂದಲೇ ಹೊರಡುವ 'ಪ್ರಮಾಣ' ಪತ್ರಿಕೆಯಲ್ಲಿ. ಈ ಕ್ಷೇತ್ರದವರು ಇವತ್ತಿಗೂ ಆ ಪುಟ್ಟ ಪೇಪರನ್ನು ನೆನೆಯುತ್ತಾರೆ.

ಮಂಗಳೂರಿನದು ಇನ್ನೊಂದು ಬಗೆ. ಉಳ್ಳಾಲದ ಕಡಲ ದಂಡೆಯ ಮರಳಿನಲ್ಲಿ ಮೋನಜೈಟ್ ಅನ್ನುವ ಖನಿಜ ಇದೆ. ಅದರಲ್ಲಿ ಥೋರಿಯಂ ಇರುವುದರಿಂದ ಅಲ್ಲಿ ಸಹಜ ವಿಕಿರಣ ಬೇರೆ ಕಡೆಗಿಂತ ಜಾಸ್ತಿ. ಕೊಣಾಜೆಯ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದವರು ಅದನ್ನು ಅಳೆದು, ಕರಾವಳಿಯ ವಿಕಿರಣದ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದ್ದಾರೆ. ಪ್ರಶ್ನೆ ಅವರ ಮನೆಬಾಗಿಲಲ್ಲೇ ಇತ್ತು, ಅಲ್ವಾ? ಹಾವೇರಿಯಲ್ಲೂ ಧಾರವಾಡದಲ್ಲೂ ಇಂಥ ಪ್ರಶ್ನೆಗಳು ಇದ್ದೇ ಇರುತ್ತವೆ.

ಈಗ ಮನೆಯವರ ಮಾತಿಗೆ ಬರುತ್ತೇನೆ. ಅವರು ಹೇಳುವುದು ತಪ್ಪಲ್ಲ. ಬಿ.ಇಡಿ ಎರಡು ವರ್ಷದ ಕೋರ್ಸ್. ಹೈಸ್ಕೂಲ್ ಮೇಷ್ಟ್ರಾಗಲು ಅದು ಬೇಕೇ ಬೇಕು. ಒಳ್ಳೆಯ ಹೈಸ್ಕೂಲ್ ಫಿಸಿಕ್ಸ್ ಮೇಷ್ಟ್ರು ಸಿಕ್ಕಿದ್ದರಿಂದಲೇ ನಾನು ಇಲ್ಲಿಯವರೆಗೆ ಬಂದೆ. ಆದರೆ ಯೂನಿವರ್ಸಿಟಿ ದಾರಿಗೆ ಬಿ.ಇಡಿ ಬೇಕಿಲ್ಲ. ಅಲ್ಲಿಗೆ ಎಂಎಸ್ಸಿಯೇ ಮೊದಲ ಮೆಟ್ಟಿಲು. ಮನೆಯಲ್ಲಿ ಹೀಗೆ ಹೇಳಿ ನೋಡಿ: ಮೊದಲು ಎಂಎಸ್ಸಿ ಮುಗಿಸುತ್ತೇನೆ, ಆಮೇಲೂ ಬೇಕಾದರೆ ಬಿ.ಇಡಿ ಮಾಡಬಹುದು. ಪಿಯು ಕಾಲೇಜಿನ ಉಪನ್ಯಾಸಕರ ಹುದ್ದೆಗೆ ಎಂಎಸ್ಸಿ, ಬಿ.ಇಡಿ ಎರಡೂ ಕೇಳುತ್ತಾರೆ. ಹಾಗಾಗಿ ಎಂಎಸ್ಸಿ ಯಾವ ದಾರಿಗೂ ನಷ್ಟವಲ್ಲ. ಈ ಮಾತು ಎಷ್ಟೋ ಅಪ್ಪ ಅಮ್ಮಂದಿರಿಗೆ ಸಮಾಧಾನ ತಂದಿದ್ದನ್ನು ನೋಡಿದ್ದೇನೆ.

ಎಂಎಸ್ಸಿಯಲ್ಲಿ ಒಂದು ಸಂಖ್ಯೆ ಮರೆಯಬೇಡಿ: ಶೇಕಡಾ 55. ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಸ್ನಾತಕೋತ್ತರ ಪದವಿಯಲ್ಲಿ ಅಷ್ಟು ಅಂಕ ಇರಲೇಬೇಕು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮತ್ತು ಅಂಗವಿಕಲರಿಗೆ 5ರಷ್ಟು ರಿಯಾಯಿತಿ ಇದೆ. 54 ಬಂದದ್ದರಿಂದಲೇ ಬಾಗಿಲು ಮುಚ್ಚಿದವರನ್ನು ಕಂಡಿದ್ದೇನೆ. ಆ ನೋವು ಯಾರಿಗೂ ಬೇಡ.

ಎಂಎಸ್ಸಿ ಎಲ್ಲಿ ಮಾಡಬೇಕು? ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು ಹತ್ತಿರ, ಫೀಸು ಕಡಿಮೆ, ಹಾಸ್ಟೆಲ್ ಸಿಗುತ್ತದೆ. ಅದರ ಜೊತೆಗೆ ಈ ವರ್ಷವೇ ಜಾಮ್ ಪರೀಕ್ಷೆಗೂ ಕೂತುಕೊಳ್ಳಿ. ಐಐಟಿಗಳ ಎಂಎಸ್ಸಿಗೆ, ಸುರತ್ಕಲ್ ಎನ್‌ಐಟಿಕೆಯಂಥ ಕಡೆಗೆ, ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ (ಎಂಎಸ್ಸಿ, ಪಿಎಚ್‌ಡಿ ಎರಡೂ ಒಟ್ಟಿಗೆ) ಇದೇ ಬಾಗಿಲು. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಇದಕ್ಕೆ ಕೋಚಿಂಗ್ ಇಲ್ಲದೆ ಆಗುವುದೇ ಇಲ್ಲ ಅನ್ನುವ ಭಯ ನಮ್ಮ ಹಳ್ಳಿ ಕಡೆಯ ಮಕ್ಕಳಲ್ಲಿ ಜಾಸ್ತಿ. ಹಳೆಯ ಪ್ರಶ್ನೆಪತ್ರಿಕೆಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಹತ್ತು ವರ್ಷದವನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. ಮೊದಲ ಎರಡು ಪತ್ರಿಕೆಯಲ್ಲಿ ಅಳು ಬರುತ್ತದೆ. ಐದನೆಯದರ ಹೊತ್ತಿಗೆ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಅಂತ ನಿಮಗೇ ಗೊತ್ತಾಗುತ್ತದೆ.

ಇನ್ನೊಂದು ಅವಕಾಶ ತುಂಬಾ ಮಕ್ಕಳಿಗೆ ಗೊತ್ತೇ ಇಲ್ಲ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಅದನ್ನು ನಡೆಸುವ ಭಾರತೀಯ ವಿಜ್ಞಾನ ಅಕಾಡೆಮಿ ಇರುವುದು ಬೆಂಗಳೂರಿನಲ್ಲೇ. 1934ರಲ್ಲಿ ಸಿ.ವಿ. ರಾಮನ್ ಕಟ್ಟಿದ ಸಂಸ್ಥೆ ಅದು. ಆಯ್ಕೆಯಾದವರು ಎರಡು ತಿಂಗಳು ಯಾವುದಾದರೂ ವಿಜ್ಞಾನಿಯ ಲ್ಯಾಬಿನಲ್ಲಿ ಕೂತು ಕೆಲಸ ಕಲಿಯಬಹುದು, ಖರ್ಚಿಗೂ ಕೊಡುತ್ತಾರೆ. ಎಂಎಸ್ಸಿ ಮೊದಲ ವರ್ಷದಲ್ಲಿ ತಪ್ಪದೆ ಅರ್ಜಿ ಹಾಕಿ. ನಿಮಗೆ ಸಂಶೋಧನೆ ನಿಜವಾಗಿ ಇಷ್ಟವಾ, ಇಲ್ಲ ಅದರ ಹೆಸರು ಮಾತ್ರ ಇಷ್ಟವಾ ಅನ್ನುವುದು ಎರಡು ತಿಂಗಳಲ್ಲಿ ತಿಳಿದುಹೋಗುತ್ತದೆ.

ಈಗ ನೆಟ್ ಮತ್ತು ಕೆ-ಸೆಟ್. ಎರಡನ್ನೂ ಒಂದೇ ಅಂದುಕೊಳ್ಳುವವರು ಜಾಸ್ತಿ. ಫಿಸಿಕ್ಸ್‌ನವರಿಗೆ ಇರುವುದು ಸಿಎಸ್‌ಐಆರ್-ಯುಜಿಸಿ ನೆಟ್. ಸಿಎಸ್‌ಐಆರ್ ಅಂದರೆ ಕೇಂದ್ರದ ವಿಜ್ಞಾನ ಸಂಶೋಧನಾ ಮಂಡಳಿ, ಯುಜಿಸಿ ಅಂದರೆ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಕೇಂದ್ರದ ಆಯೋಗ. ಮೂರು ಗಂಟೆ, 200 ಅಂಕ, ಮೂರು ಭಾಗ. ಸಾಮಾನ್ಯ ತರ್ಕದ ಮೊದಲ ಭಾಗಕ್ಕೆ 30, ಎರಡನೆಯದಕ್ಕೆ 70, ಆಳವಾದ ಪ್ರಶ್ನೆಗಳ ಮೂರನೆಯದಕ್ಕೆ 100. ತುಂಬಾ ಮೇಲೆ ಬಂದವರಿಗೆ ಜೆಆರ್‌ಎಫ್, ಅಂದರೆ ಪಿಎಚ್‌ಡಿ ಮಾಡಲು ಫೆಲೋಶಿಪ್. ನಂತರದವರಿಗೆ ದೇಶದಲ್ಲಿ ಎಲ್ಲಿ ಬೇಕಾದರೂ ಅಸಿಸ್ಟೆಂಟ್ ಪ್ರೊಫೆಸರ್ ಆಗುವ ಅರ್ಹತೆ. 2024ರಿಂದ ಇದೇ ಅಂಕವನ್ನು ಪಿಎಚ್‌ಡಿ ಪ್ರವೇಶಕ್ಕೂ ಬಳಸುತ್ತಾರೆ. ಕೆ-ಸೆಟ್ ನಮ್ಮ ರಾಜ್ಯದ್ದು, ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಅದರಿಂದ ಫೆಲೋಶಿಪ್ ಸಿಗುವುದಿಲ್ಲ, ಅರ್ಹತೆ ಕರ್ನಾಟಕದ ಒಳಗೆ ಮಾತ್ರ. ಹಾಗಂತ ಅದನ್ನು ಬಿಡಬೇಡಿ. ಎರಡಕ್ಕೂ ಓದುವ ವಿಷಯ ಬಹುತೇಕ ಒಂದೇ. ಆದರೆ ಗುರಿ ಜೆಆರ್‌ಎಫ್ ಮೇಲಿರಲಿ. ನಿಮ್ಮ 'ದುಡ್ಡಿಗೆ ಏನು' ಅನ್ನುವ ಪ್ರಶ್ನೆಗೆ ಉತ್ತರ ಅದೇ.

2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಕೆಲಸದ ಪರಿಶೀಲನೆ ಆಗಿ ಎಸ್‌ಆರ್‌ಎಫ್ (ಸೀನಿಯರ್ ಫೆಲೋ) ಆದರೆ 42,000. ಹಾಸ್ಟೆಲ್ ಸಿಗದಿದ್ದರೆ ಮನೆಬಾಡಿಗೆ ಭತ್ಯೆ ಬೇರೆ. ಒಟ್ಟು ಐದು ವರ್ಷದವರೆಗೆ. ಮನೆಗೂ ಒಂದಿಷ್ಟು ಕಳಿಸಬಹುದು. ಒಂದೇ ತೊಂದರೆ: ಎಷ್ಟೋ ಕಡೆ ಈ ಹಣ ತಿಂಗಳು ತಿಂಗಳು ಬರುವುದಿಲ್ಲ. ಕೆಲವೊಮ್ಮೆ ನಾಲ್ಕೈದು ತಿಂಗಳದ್ದು ಒಟ್ಟಿಗೆ ಬೀಳುತ್ತದೆ. ಬಂದಾಗ ಆರು ತಿಂಗಳ ಊಟ ಬಾಡಿಗೆಯ ಹಣ ತೆಗೆದಿಟ್ಟು ಮಿಕ್ಕಿದ್ದನ್ನು ಖರ್ಚು ಮಾಡಿ. ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಇದನ್ನು ಹೇಳುತ್ತಿದ್ದೆ. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30. ಮಹಿಳೆಯರಿಗೆ, ಮೀಸಲು ವರ್ಗದವರಿಗೆ ಸಡಿಲಿಕೆ ಇದೆ, ಹಾಗಾಗಿ ನಿಮಗೆ ಅವಸರವಿಲ್ಲ. ಎಂಎಸ್ಸಿಯಲ್ಲಿ ವಿಶ್ವವಿದ್ಯಾಲಯಕ್ಕೇ ಮೊದಲ ರ‍್ಯಾಂಕ್ ಬಂದರೆ ಇನ್‌ಸ್ಪೈರ್ ಫೆಲೋಶಿಪ್‌ಗೂ ಅರ್ಜಿ ಹಾಕಬಹುದು.

ಪಿಎಚ್‌ಡಿ ವಿಷಯದಲ್ಲಿ ಎಲ್ಲರೂ ಸಂಸ್ಥೆಯ ಹೆಸರು ನೋಡುತ್ತಾರೆ. ನಾನು ಗೈಡ್ ನೋಡಿ ಅನ್ನುತ್ತೇನೆ. ನೀವು ಐದಾರು ವರ್ಷ ಕಳೆಯುವುದು ಒಬ್ಬ ಮನುಷ್ಯರ ಜೊತೆ. ಸೇರುವ ಮೊದಲು ಆ ಲ್ಯಾಬಿಗೆ ಒಂದು ದಿನ ಹೋಗಿ ಬನ್ನಿ. ಗೈಡ್ ಹತ್ತಿರ ಅರ್ಧ ಗಂಟೆ ಮಾತಾಡಿ, ಆಮೇಲೆ ಅವರ ವಿದ್ಯಾರ್ಥಿಗಳ ಜೊತೆ ಕ್ಯಾಂಟೀನಿನಲ್ಲಿ ಟೀ ಕುಡಿಯಿರಿ. ಹಿಂದಿನವರಿಗೆ ಎಷ್ಟು ವರ್ಷ ಹಿಡಿಯಿತು? ನಡುವೆ ಬಿಟ್ಟುಹೋದವರು ಎಷ್ಟು ಜನ? ಪ್ರಬಂಧದ ಕರಡು ಕೊಟ್ಟರೆ ಎಷ್ಟು ದಿನಕ್ಕೆ ಓದಿ ಕೊಡುತ್ತಾರೆ? ಯಂತ್ರ ಕೆಟ್ಟರೆ ಯಾರು ಸರಿ ಮಾಡುತ್ತಾರೆ? ಈ ಕೊನೆಯ ಪ್ರಶ್ನೆ ಚಿಕ್ಕದಲ್ಲ. ಸ್ಕ್ರೂಡ್ರೈವರ್, ಸಾಲ್ಡರಿಂಗ್ ಐರನ್ ಹಿಡಿಯಲು ಮಕ್ಕಳನ್ನು ಬಿಡುವ ಲ್ಯಾಬಿನಲ್ಲಿ ಕಲಿತವರು ಮುಂದೆ ಯಾವ ಬಡ ವಿಭಾಗಕ್ಕೆ ಹೋದರೂ ಬದುಕುತ್ತಾರೆ. ಎಲ್ಲಕ್ಕೂ ಕಂಪನಿಯ ಎಂಜಿನಿಯರ್ ಬರಲಿ ಅಂತ ಕಾಯುವ ಕಡೆ ಕಲಿತವರು ಕಷ್ಟಪಡುತ್ತಾರೆ.

2022ರ ಯುಜಿಸಿ ನಿಯಮದ ಪ್ರಕಾರ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮತ್ತೆ ನೋಂದಣಿ ಮಾಡಿಸಿದರೆ 2 ವರ್ಷ ಸೇರುತ್ತದೆ. ಮಹಿಳೆಯರಿಗೆ ಇನ್ನೂ 2 ವರ್ಷದ ರಿಯಾಯಿತಿ ಇದೆ. ಹೆರಿಗೆ ಮತ್ತು ಮಗುವಿನ ಆರೈಕೆಗೆ ಇಡೀ ಅವಧಿಯಲ್ಲಿ 240 ದಿನದವರೆಗೆ ರಜೆ ಕೊಡಬಹುದು. ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಮದುವೆ, ಮಗು ಅಂದ ಕೂಡಲೇ ಪಿಎಚ್‌ಡಿ ಬಿಟ್ಟ ಬುದ್ಧಿವಂತ ಹೆಣ್ಣುಮಕ್ಕಳನ್ನು ನಾನು ತುಂಬಾ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಈ ನಿಯಮಗಳ ಬಗ್ಗೆ ಯಾರೂ ಹೇಳಿರಲಿಲ್ಲ. ಒಬ್ಬಳಂತೂ ಪ್ರಬಂಧದ ಎರಡು ಅಧ್ಯಾಯ ಮಾತ್ರ ಬಾಕಿ ಇರುವಾಗ ಬಿಟ್ಟಳು. ಅವಳ ನೋಟ್‌ಬುಕ್ಕುಗಳು ಬಹಳ ಕಾಲ ನನ್ನ ಕಪಾಟಿನಲ್ಲೇ ಇದ್ದವು.

ಲೆಕ್ಕ ಹಾಕೋಣ. ಈಗ ನಿಮಗೆ ಸುಮಾರು 21. ಎಂಎಸ್ಸಿ ಮುಗಿದಾಗ 23. ಪರೀಕ್ಷೆ, ಪ್ರವೇಶ ಅಂತ ಒಂದು ವರ್ಷ. ಪಿಎಚ್‌ಡಿ ಮುಗಿದಾಗ 29 ಅಥವಾ 30. ನಂತರ ಎರಡು ಮೂರು ವರ್ಷ ಪೋಸ್ಟ್‌ಡಾಕ್, ಅಂದರೆ ಬೇರೆ ಲ್ಯಾಬಿನಲ್ಲಿ ಸಂಬಳ ಪಡೆದು ಸಂಶೋಧನೆ. ಇದಕ್ಕೆ ದೇಶದಲ್ಲೇ ಫೆಲೋಶಿಪ್‌ಗಳಿವೆ, ಹೊರದೇಶಕ್ಕೂ ಹೋಗಬಹುದು. ಖಾಯಂ ಹುದ್ದೆ ಸಿಗುವ ಹೊತ್ತಿಗೆ 32ರಿಂದ 35. ಬಿ.ಇಡಿ ಮಾಡಿದ ಗೆಳತಿ ಅಷ್ಟರಲ್ಲಿ ಎಂಟು ಹತ್ತು ವರ್ಷ ಸಂಬಳ ಎಣಿಸಿರುತ್ತಾಳೆ. ಈ ಮಾತನ್ನು ಮನೆಯಲ್ಲಿ ಮುಚ್ಚಿಡಬೇಡಿ. ಮೊದಲೇ ಹೇಳಿ ಒಪ್ಪಿಸಿದರೆ ಮಧ್ಯದಲ್ಲಿ ಜಗಳವಾಗುವುದಿಲ್ಲ.

ಕಾಯುವ ವರ್ಷಗಳ ಬಗ್ಗೆ ನೇರವಾಗಿ ಹೇಳಬೇಕು. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಖಾಯಂ ನೇಮಕಾತಿ ವರ್ಷ ವರ್ಷ ಆಗುವುದಿಲ್ಲ. ಹಿರಿಯರು ನಿವೃತ್ತರಾಗುತ್ತಾರೆ, ಕುರ್ಚಿ ಖಾಲಿ ಉಳಿಯುತ್ತದೆ, ಪಾಠ ಅತಿಥಿ ಉಪನ್ಯಾಸಕರ ಹೆಗಲಿಗೆ ಬೀಳುತ್ತದೆ. ಇದು ನನಗೆ ಬಹಳ ನೋವಿನ ಸಂಗತಿ. ಪಿಎಚ್‌ಡಿ ಮಾಡಿದ, ಚೆನ್ನಾಗಿ ಪಾಠ ಮಾಡುವ ನನ್ನ ಶಿಷ್ಯರೇ ಹತ್ತಾರು ವರ್ಷ ಅತಿಥಿಗಳಾಗಿಯೇ ಉಳಿದಿದ್ದಾರೆ. ಎಷ್ಟೋ ಕಡೆ ರಜೆಯ ತಿಂಗಳುಗಳಲ್ಲಿ ಅವರಿಗೆ ಸಂಬಳ ಇರುವುದಿಲ್ಲ. ಅದಕ್ಕೇ ಹೇಳುವುದು, ಒಂದೇ ಬಾಗಿಲ ಮುಂದೆ ಕೂರಬೇಡಿ. ಸರ್ಕಾರಿ ಪದವಿ ಕಾಲೇಜುಗಳ ನೇಮಕಾತಿ, ಕಲಬುರಗಿ ಹತ್ತಿರದ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಬೇರೆ ರಾಜ್ಯಗಳ ವಿಶ್ವವಿದ್ಯಾಲಯಗಳು, ಖಾಸಗಿ ವಿಶ್ವವಿದ್ಯಾಲಯಗಳು, ಎಲ್ಲಕ್ಕೂ ಅರ್ಜಿ ಹಾಕಿ. ಅತಿಥಿ ಉಪನ್ಯಾಸಕಿಯಾಗಿ ಸೇರಿದರೂ ಒಂದು ಗಡುವು ಇಟ್ಟುಕೊಳ್ಳಿ. ಎರಡು ಮೂರು ವರ್ಷಕ್ಕಿಂತ ಜಾಸ್ತಿ ಅಲ್ಲೇ ಇದ್ದರೆ ಸಂಶೋಧನೆಯ ಕೈ ತಪ್ಪಿಹೋಗುತ್ತದೆ.

ಅಂಕಗಳ ಲೆಕ್ಕವೂ ನಿಮಗೆ ಗೊತ್ತಿರಲಿ. 2018ರ ಯುಜಿಸಿ ನಿಯಮದಲ್ಲಿ, ವಿಶ್ವವಿದ್ಯಾಲಯಗಳ ಅಸಿಸ್ಟೆಂಟ್ ಪ್ರೊಫೆಸರ್ ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಅಂತ ನೋಡಲು 100 ಅಂಕದ ಒಂದು ಪಟ್ಟಿ ಇದೆ. ಪಿಎಚ್‌ಡಿಗೆ 30. ಎಂಎಸ್ಸಿಗೆ ಹೆಚ್ಚೆಂದರೆ 25, ಬಿಎಸ್ಸಿಗೆ 15. ಜೆಆರ್‌ಎಫ್ ಇದ್ದರೆ 7, ನೆಟ್ ಮಾತ್ರ ಆದರೆ 5, ಸೆಟ್ ಆದರೆ 3. ಪೇಪರ್‌ಗಳಿಗೆ 10, ಪಾಠದ ಅಥವಾ ಪೋಸ್ಟ್‌ಡಾಕ್ ಅನುಭವಕ್ಕೆ 10. ಹಾಗಾಗಿ 'ಯಾವುದು ಮುಖ್ಯ' ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ ಹೀಗೆ: ಅರ್ಹತೆಗೆ ನೆಟ್ ಅಥವಾ ಸೆಟ್ ಸಾಕು, ನಿಯಮದಂತೆ ಪಿಎಚ್‌ಡಿ ಪಡೆದವರಿಗೆ ಅದರಿಂದಲೂ ವಿನಾಯಿತಿ ಇದೆ. ಆದರೆ ವಿಶ್ವವಿದ್ಯಾಲಯದ ಸಾಲಿನಲ್ಲಿ ಮುಂದೆ ನಿಲ್ಲಿಸುವುದು ಪಿಎಚ್‌ಡಿ. ಈ ಪಟ್ಟಿ ಸಂದರ್ಶನಕ್ಕೆ ಕರೆಯಲು ಮಾತ್ರ. ಅಲ್ಲಿಂದ ಮುಂದೆ ನೀವು, ನಿಮ್ಮ ಚಾಕ್‌ಪೀಸು. 2025ರ ಜನವರಿಯಲ್ಲಿ ಯುಜಿಸಿ ಹೊಸ ನಿಯಮಗಳ ಕರಡು ಹೊರಡಿಸಿತು. ಹಾಗಾಗಿ ಅರ್ಜಿ ಹಾಕುವ ವರ್ಷದಲ್ಲಿ ಯಾವ ನಿಯಮ ಜಾರಿಯಲ್ಲಿದೆ ಅಂತ ನೋಡಿಕೊಳ್ಳಿ.

ಸಂಬಳದ ಚಿಂತೆ ಬೇಡ. ಯುಜಿಸಿ ಶ್ರೇಣಿಯಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಮೂಲ ವೇತನ 57,700ರಿಂದ ಶುರು. ಅಸೋಸಿಯೇಟ್ ಆದರೆ 1,31,400, ಪ್ರೊಫೆಸರ್‌ಗೆ 1,44,200. ನೇರ ನೇಮಕಾತಿಯಲ್ಲಿ ಅಸೋಸಿಯೇಟ್‌ಗೆ ಪಿಎಚ್‌ಡಿ, 8 ವರ್ಷದ ಅನುಭವ, 7 ಪೇಪರ್ ಕೇಳುತ್ತಾರೆ. ಪ್ರೊಫೆಸರ್‌ಗೆ 10 ವರ್ಷ, 10 ಪೇಪರ್.

ಈ ಪೇಪರ್ ಲೆಕ್ಕದಿಂದ ಒಂದು ಕೆಟ್ಟ ಚಾಳಿ ಹುಟ್ಟಿದೆ. 'ಮೂರು ದಿನದಲ್ಲಿ ಪ್ರಕಟಿಸುತ್ತೇವೆ, ಇಷ್ಟು ದುಡ್ಡು ಕಳಿಸಿ' ಅನ್ನುವ ಪತ್ರಿಕೆಗಳಿಂದ ನಿಮಗೆ ಮೇಲ್ ಬರುತ್ತವೆ. ದಯವಿಟ್ಟು ಅಲ್ಲಿಗೆ ಹೋಗಬೇಡಿ. ಒಳ್ಳೆಯ ಪತ್ರಿಕೆಯಲ್ಲಿ ನಿಮ್ಮ ಪೇಪರನ್ನು ಆ ವಿಷಯ ಬಲ್ಲ ಇಬ್ಬರು ಮೂವರು ಓದಿ ತಪ್ಪು ತೋರಿಸುತ್ತಾರೆ. ತಿಂಗಳುಗಟ್ಟಲೆ ಹಿಡಿಯುತ್ತದೆ. ನನ್ನ ಮೊದಲ ಪೇಪರ್ ಮೂರು ಪುಟದ ಟೀಕೆ ಹೊತ್ತು ವಾಪಸ್ ಬಂದಾಗ ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಆಮೇಲೆ ಓದಿ ನೋಡಿದರೆ ಅವರು ಹೇಳಿದ್ದೇ ಸರಿ. ಬಿಲ್ಲೆಯ ಎರಡು ಮುಖಕ್ಕೆ ಬಳಿದ ಸಿಲ್ವರ್ ಪೇಸ್ಟ್ ಅಂಚಿನವರೆಗೆ ಹರಿದಿದ್ದನ್ನು ನಾನು ಗಮನಿಸಿರಲಿಲ್ಲ. ಅಳತೆಯೇ ತಪ್ಪಾಗಿತ್ತು. ಮುಖ ನೋಡದ, ಹೆಸರು ಗೊತ್ತಿಲ್ಲದ ಆ ಓದುಗರು ನನಗೆ ಗುರುಗಳೇ.

ಖಾಯಂ ಆದ ಮೇಲಿನ ದಿನ ಹೇಗಿರುತ್ತದೆ? ಅಸಿಸ್ಟೆಂಟ್ ಪ್ರೊಫೆಸರ್‌ಗೆ ವಾರಕ್ಕೆ 16 ಗಂಟೆ ಪಾಠ, ಮೇಲಿನವರಿಗೆ 14. ಕಾಗದದಲ್ಲಿ ಕಡಿಮೆ ಅನ್ನಿಸುತ್ತದೆ. ಕ್ವಾಂಟಂ ಮೆಕ್ಯಾನಿಕ್ಸ್‌ನ ಒಂದು ಗಂಟೆ ಪಾಠಕ್ಕೆ ಮೊದಲ ವರ್ಷ ನಾನು ನಾಲ್ಕು ಗಂಟೆ ತಯಾರಿ ಮಾಡುತ್ತಿದ್ದೆ. ಮಧ್ಯಾಹ್ನ ಪ್ರಾಕ್ಟಿಕಲ್ಸ್. ಪರೀಕ್ಷೆ ಮುಗಿದರೆ ವ್ಯಾಲ್ಯುಯೇಶನ್. ಇದರ ನಡುವೆ ನ್ಯಾಕ್ (ಕಾಲೇಜು, ವಿಶ್ವವಿದ್ಯಾಲಯಗಳಿಗೆ ದರ್ಜೆ ಕೊಡುವ ಸಂಸ್ಥೆ) ಫೈಲು, ಸಿಲಬಸ್ ಮೀಟಿಂಗು. ಸಂಶೋಧನೆಗೆ ಯಾರೂ ಸಮಯ ತೆಗೆದಿಟ್ಟು ಕೊಡುವುದಿಲ್ಲ. ನಾನು ಬೆಳಿಗ್ಗೆ 7ರಿಂದ 9.30ರವರೆಗೆ ಲ್ಯಾಬಿನಲ್ಲಿರುತ್ತಿದ್ದೆ, ಮೊಬೈಲ್ ಮನೆಯಲ್ಲೇ ಬಿಟ್ಟು. ಆ ಎರಡೂವರೆ ಗಂಟೆಯೇ ನನ್ನ ಸಂಶೋಧನೆ.

ಪಾಠ ಸಂಶೋಧನೆಗೆ ಅಡ್ಡಿ ಅಂತ ಗೊಣಗುವವರಿದ್ದಾರೆ. ನನಗೆ ಹಾಗೆ ಅನ್ನಿಸಲಿಲ್ಲ. ಒಂದು ದಿನ ಹಾಲ್ ಎಫೆಕ್ಟ್ ಪ್ರಯೋಗ (ಕರೆಂಟ್ ಹರಿಯುವ ಮಾದರಿಯನ್ನು ಮ್ಯಾಗ್ನೆಟ್ ನಡುವೆ ಇಟ್ಟು, ಅಡ್ಡಕ್ಕೆ ಹುಟ್ಟುವ ವೋಲ್ಟೇಜ್ ಅಳೆಯುವುದು) ಮಾಡುತ್ತಿದ್ದ ಎಂಎಸ್ಸಿ ಹುಡುಗನೊಬ್ಬ ಬಂದು, "ಸರ್, ಮ್ಯಾಗ್ನೆಟ್ ಆಫ್ ಮಾಡಿದರೂ ಮೀಟರ್ ಸೊನ್ನೆಗೆ ಬರುತ್ತಿಲ್ಲ, ಯಾಕೆ?" ಅಂತ ಕೇಳಿದ. ಎಲ್ಲರೂ ಆ ಚೂರು ರೀಡಿಂಗನ್ನು ಕಳೆದು ಲೆಕ್ಕ ಮಾಡಿ ಮುಗಿಸುತ್ತಿದ್ದರು. ಅವನು ಬಿಡಲಿಲ್ಲ. ಇಬ್ಬರೂ ಕೂತು ನೋಡಿದೆವು. ಮಾದರಿಯ ಎರಡು ಬದಿಯ ತಂತಿಗಳು ಎದುರುಬದುರು ಇರಲಿಲ್ಲ, ಕೂದಲೆಳೆಯಷ್ಟು ಹಿಂದೆ ಮುಂದೆ ಆಗಿದ್ದವು. ಅದೇ ತೊಂದರೆ ನನ್ನ ಸ್ವಂತ ಅಳತೆಯಲ್ಲೂ ಇತ್ತು ಅಂತ ಆ ಸಂಜೆ ಗೊತ್ತಾಯಿತು.

ದೊಡ್ಡ ಯಂತ್ರ ಬೇಕೇ ಬೇಕಾದಾಗಲೂ ದಾರಿ ಇದೆ. ಇಂದೋರಿನಲ್ಲಿ ಇಂಡಸ್-2 ಅನ್ನುವ ಸಿಂಕ್ರೊಟ್ರಾನ್ (ತುಂಬಾ ಪ್ರಬಲವಾದ ಎಕ್ಸ್-ರೇ ಕೊಡುವ ದೊಡ್ಡ ಯಂತ್ರ) ಇದೆ, ದೆಹಲಿಯಲ್ಲಿ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ ಇದೆ. ದೇಶದ ಯಾವ ವಿಶ್ವವಿದ್ಯಾಲಯದವರೂ ಅರ್ಜಿ ಹಾಕಿ ಅಲ್ಲಿ ಸಮಯ ಪಡೆಯಬಹುದು. ಬಿಲ್ಲೆಗಳನ್ನು ಹತ್ತಿಯಲ್ಲಿ ಸುತ್ತಿ, ಮಾತ್ರೆ ಡಬ್ಬಿಯಲ್ಲಿಟ್ಟು, ರೈಲಿನಲ್ಲಿ ವಿದ್ಯಾರ್ಥಿಯ ಜೊತೆ ಹೋಗಿ, ಸರದಿಯಲ್ಲಿ ನಿದ್ದೆ ಮಾಡುತ್ತಾ ಅಳತೆ ಮಾಡಿ ಬಂದಿದ್ದೇವೆ. ಈಗ ಇನ್ನೂ ಸುಲಭ. ಮೊದಲು ಒಂದು ಪೇಪರಿಗಾಗಿ ಬೆಂಗಳೂರಿನ ಲೈಬ್ರರಿಗೆ ಬಸ್ ಹತ್ತಬೇಕಿತ್ತು. 2025ರ ಜನವರಿಯಿಂದ 'ಒಂದು ದೇಶ ಒಂದು ಚಂದಾ' ಯೋಜನೆಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಸುಮಾರು 13,000 ಪತ್ರಿಕೆಗಳು ಸಿಗುವಂತಾಗಿದೆ. ನಿಮ್ಮ ಕಾಲೇಜಿನ ಲೈಬ್ರರಿಯಲ್ಲಿ ಈ ಸೌಲಭ್ಯ ಬಂದಿದೆಯಾ ಅಂತ ಕೇಳಿ ನೋಡಿ.

ಕನ್ನಡ ಮಾಧ್ಯಮದ ಬಗ್ಗೆ ನೀವು ಅಳುಕಿನಿಂದ ಬರೆದ ಹಾಗಿದೆ. ನಾನೂ ಕನ್ನಡ ಮಾಧ್ಯಮದವನೇ. ಪಿಯುಸಿಯಲ್ಲಿ ಮೇಷ್ಟ್ರು 'ಅಕ್ಸಲರೇಶನ್' ಅಂದಾಗ ಎರಡು ವಾರ ಏನೋ ಹೊಸದು ಅಂದುಕೊಂಡಿದ್ದೆ. ಅದು ನಾನು ಹೈಸ್ಕೂಲಿನಲ್ಲಿ ಲೆಕ್ಕ ಮಾಡಿದ್ದ ವೇಗೋತ್ಕರ್ಷವೇ ಅಂತ ಗೊತ್ತಾದ ದಿನ ಎದೆಯ ಭಾರ ಇಳಿಯಿತು. ನಿಮಗೆ ಭೌತಶಾಸ್ತ್ರ ಗೊತ್ತಿದೆ, ಬೇಕಿರುವುದು ಹೊಸ ಹೆಸರುಗಳು. ನೆಟ್ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ, ಪೇಪರ್ ಬರೆಯುವುದೂ ಇಂಗ್ಲಿಷಿನಲ್ಲೇ. ಹಾಗಾಗಿ ಕಲಿಯಲೇಬೇಕು. ದಿನಕ್ಕೆ ಒಂದು ಪುಟ ಫಿಸಿಕ್ಸನ್ನು ಇಂಗ್ಲಿಷಿನಲ್ಲಿ ಕೈಯಿಂದ ಬರೆಯಿರಿ. ನೀವು ಮಾಡಿದ ಪ್ರಯೋಗ, ಬಿಡಿಸಿದ ಲೆಕ್ಕ, ಏನಾದರೂ ಸರಿ. ಒಂದು ವರ್ಷದಲ್ಲಿ ವ್ಯತ್ಯಾಸ ಕಾಣುತ್ತದೆ. ಯೋಚನೆ ಕನ್ನಡದಲ್ಲೇ ಬಂದರೆ ಬರಲಿ ಬಿಡಿ. ಮುಂದೆ ನೀವು ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಮಂಕಾಗಿ ಕೂತ ಹಳ್ಳಿ ಹುಡುಗಿಗೆ ಎರಡು ವಾಕ್ಯ ಕನ್ನಡದಲ್ಲಿ ಹೇಳಿ ನೋಡಿ, ಅವಳ ಕಣ್ಣು ಹೇಗೆ ಅರಳುತ್ತದೆ ಅಂತ.

ಗೌರಿಬಿದನೂರಿನ ಹತ್ತಿರದ ಹೊಸೂರಿನಿಂದ ಓದಲು ಬೆಂಗಳೂರಿಗೆ ಬಂದ ಎಚ್. ನರಸಿಂಹಯ್ಯನವರ ಹೆಸರು ಕೇಳಿರುತ್ತೀರಿ. ನ್ಯಾಷನಲ್ ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರಾಗಿದ್ದವರು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಮಾಡಿ, ಮತ್ತೆ ಅದೇ ಕಾಲೇಜಿಗೆ ಬಂದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿ ಜನಸಾಮಾನ್ಯರಿಗೆ ವಿಜ್ಞಾನಿಗಳ ಮಾತು ಕೇಳಿಸಿದರು. 1972ರಿಂದ 77ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಅವರ ಹಾದಿ ಚಂದ್ರಶೇಖರ್ ಅವರ ಹಾದಿಯಲ್ಲ. ಒಬ್ಬರು ಸಂಶೋಧನೆಯ ಕಡೆ ವಾಲಿದರು, ಇನ್ನೊಬ್ಬರು ಪಾಠದ ಕಡೆ, ಜನರ ಕಡೆ. ನಿಮ್ಮದು ಯಾವ ಕಡೆ ವಾಲುತ್ತದೆ ಅಂತ ಈಗಲೇ ತೀರ್ಮಾನ ಮಾಡಬೇಕಿಲ್ಲ.

ಈ ವಾರ ಮಾಡಬೇಕಾದ ಕೆಲಸ ಇಷ್ಟೇ. ಜಾಮ್‌ನ ಒಂದು ಹಳೆಯ ಪ್ರಶ್ನೆಪತ್ರಿಕೆ ಇಳಿಸಿಕೊಂಡು, ಭಾನುವಾರ ಬೆಳಿಗ್ಗೆ ಮೂರು ಗಂಟೆ ಕೂತು ಬಿಡಿಸಿ. ಅದರ ಜೊತೆಗೆ ನಿಮ್ಮ ಕಾಲೇಜಿನ ಲ್ಯಾಬಿಗೆ ಹೋಗಿ, ಕೆಟ್ಟು ಮೂಲೆಯಲ್ಲಿ ಕೂತ ಒಂದು ಉಪಕರಣವನ್ನು ಮೇಷ್ಟ್ರ ಅನುಮತಿ ಕೇಳಿ, ಪ್ಲಗ್ ತೆಗೆದು, ಬಿಚ್ಚಿ ನೋಡಿ. ಮೊದಲು ಫ್ಯೂಸ್ ನೋಡಿ. ಹೆಚ್ಚಿನ ಸಲ ಕೆಟ್ಟಿರುವುದು ಅದೇ.